ಮಾರ್ಚಿನಲ್ಲಿ ಬಂದ ಐದು ಸಾವಿರ

ನಮ್ಮೂರ ಹೈಸ್ಕೂಲಿನ ಗೇಟು ದಾಟಿದ ಕೂಡಲೇ ಎಡಕ್ಕೆ ಒಂದು ತಗಡಿನ ಬೋರ್ಡು ಇದೆ. ‘ಹಸಿರೇ ಉಸಿರು’ ಅಂತ ಬರೆದಿದೆ. 2019ರ ಮಾರ್ಚಿನಲ್ಲಿ ನೆಟ್ಟದ್ದು. ಅದರ ಜೊತೆಗೆ ನೆಟ್ಟ 60 ಗಿಡಗಳಲ್ಲಿ ಇವತ್ತು ಒಂದೂ ಉಳಿದಿಲ್ಲ. ಬೋರ್ಡು ಮಾತ್ರ ಗಟ್ಟಿಯಾಗಿದೆ. ಆ ಬೋರ್ಡಿನ 600 ರೂಪಾಯಿ ಬಿಲ್ಲಿಗೂ, ಗಿಡಗಳ 3,600 ರೂಪಾಯಿ ಬಿಲ್ಲಿಗೂ, ತಂದ ಗಾಡಿಯ 800 ರೂಪಾಯಿ ಬಾಡಿಗೆಗೂ ಸಹಿ ಹಾಕಿದವನು ನಾನೇ. ಹಾಗಾಗಿ ಈ ಕತೆಯನ್ನು ನಾನೇ ಬರೆಯುವುದು ನ್ಯಾಯ.

ನಾನು ಗುಂಡ್ಲುಪೇಟೆ ತಾಲ್ಲೂಕು ಬೇಗೂರು ಹೋಬಳಿಯ ಸಾಧಾರಣ ರೈತ. ನಾಲ್ಕೆಕರೆ ಒಣಭೂಮಿ, ಬೋರ್‌ವೆಲ್ ಕೆಳಗೆ ಒಂದೂವರೆ ಎಕರೆ. ಮುಂಗಾರಿಗೆ ಸೂರ್ಯಕಾಂತಿ ಇಲ್ಲವೇ ಚೆಂಡುಹೂವು, ಹಿಂಗಾರಿಗೆ ಹುರುಳಿ, ನೀರಿನಲ್ಲಿ ಅರಿಸಿನ ಮತ್ತು ಸಣ್ಣೀರುಳ್ಳಿ. 2018ರಲ್ಲಿ ಮಗಳು ಎಂಟನೇ ಕ್ಲಾಸಿಗೆ ಸೇರಿದಳು. ಅದೇ ವರ್ಷ ನನ್ನನ್ನು ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷನನ್ನಾಗಿ ಕೂರಿಸಿದರು. ಶಾಲೆಯ ಖಾತೆಯ ಚೆಕ್ಕಿಗೆ ಮುಖ್ಯೋಪಾಧ್ಯಾಯರದೊಂದು, ಅಧ್ಯಕ್ಷನದೊಂದು, ಎರಡು ಸಹಿ ಬೇಕು.

ಶಾಲೆಗಳಲ್ಲಿ ಇಕೋ ಕ್ಲಬ್ ಅಂತ ಇರುವುದು ಬಹಳ ಮಂದಿಗೆ ಗೊತ್ತಿರಲಾರದು. ಕೇಂದ್ರ ಪರಿಸರ ಇಲಾಖೆ 2001-02ರಲ್ಲಿ ‘ರಾಷ್ಟ್ರೀಯ ಹಸಿರು ಪಡೆ’ ಎಂಬ ಹೆಸರಿನಲ್ಲಿ ಶುರು ಮಾಡಿದ್ದು. ಶಾಲೆಗೆ ವರ್ಷಕ್ಕೆ 2,500 ರೂಪಾಯಿ ಇದ್ದದ್ದು ಆಮೇಲೆ 5,000 ಆಯಿತು. 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದ ಮೇಲೆ ಅದರಲ್ಲೂ ಇಂಥದೇ ಕ್ಲಬ್ಬಿಗೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯದಕ್ಕೆ 15,000, ಪ್ರೌಢಶಾಲೆಗೆ 25,000ದವರೆಗೆ ಕೊಡಬಹುದೆಂದು ನಿಯಮ ಮಾಡಿದ್ದಾರೆ. ನಾನು ಹೇಳಹೊರಟದ್ದು ಹಸಿರು ಪಡೆಯ ಐದು ಸಾವಿರದ ಮಾತು. ಒಂದು ಎಕರೆ ಈರುಳ್ಳಿಗೆ ಔಷಧಿ ಹೊಡೆಯಲಿಕ್ಕೂ ಸಾಲದ ದುಡ್ಡು. ಅದರಲ್ಲಿ ಏನು ಮಹಾ ಆದೀತು ಅಂತ ನಾನೂ ಅಸಡ್ಡೆ ಮಾಡಿದ್ದೆ.

ಫೈಲಿನ ಮಳೆ, ಹೊಲದ ಮಳೆ

2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರದ ಕಾಡಿಗೆ ದೊಡ್ಡ ಬೆಂಕಿ ಬಿತ್ತಲ್ಲ, ಆಗ ನಮ್ಮ ಹೊಲದಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ಹೊಗೆ ಕಾಣುತ್ತಿತ್ತು. ಮಕ್ಕಳೆಲ್ಲ ಕಾಡಿನ ಮಾತೇ ಆಡುತ್ತಿದ್ದರು. ಅದಾಗಿ ಎರಡು ವಾರಕ್ಕೆ ಈ ದುಡ್ಡು ಬಂತು. ಮಾರ್ಚ್ 31ರೊಳಗೆ ಖರ್ಚು ಮಾಡಿ ಲೆಕ್ಕ ಕೊಡಬೇಕು, ಫೋಟೋ ಬೇಕು. ಗಿಡ ನೆಟ್ಟರೆ ಎಲ್ಲರಿಗೂ ಸುಲಭ. ಗುಲ್‌ಮೊಹರ್, ಸಿಲ್ವರ್ ಓಕ್, ಅಶೋಕ ಅಂತ 60 ಗಿಡ ಬಂದವು. ಮಕ್ಕಳನ್ನು ಯಾರೂ ಕೇಳಲಿಲ್ಲ, ಗುಂಡಿ ತೋಡಿ ಅಂದರು, ತೋಡಿದರು. ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಏಪ್ರಿಲ್ 10ಕ್ಕೆ ಬೇಸಿಗೆ ರಜೆ. ಮೇ ತಿಂಗಳು ಮುಗಿಯುವ ಹೊತ್ತಿಗೆ ಅರುವತ್ತೂ ಕಡ್ಡಿ.

ರಜೆ ಕಳೆದು ಶಾಲೆ ಶುರುವಾದ ವಾರ ನಾನು ಗೇಟಿನ ಬಳಿ ನಿಂತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, ನಮ್ಮ ಕೇರಿಯವಳೇ, ಒಣಗಿದ ಕಡ್ಡಿಯೊಂದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಂದಳು.

“ದೊಡ್ಡಪ್ಪ, ಚೆಕ್ಕಿಗೆ ನೀವೂ ಸಹಿ ಹಾಕ್ತೀರಂತಲ್ಲ, ನಿಜವಾ?”

“ಹೂಂ ಕಣವ್ವ, ಯಾಕ?”

“ನಿಮ್ಮ ಹೊಲ್ದಲಿ ಆದ್ರ ಮಾರ್ಚಿ ತಿಂಗಳಲಿ ಗಿಡವ ನೆಡ್ತಿದ್ರಾ?”

ನಾನು ಏನೋ ಒಂದು ಹೇಳಿ ಜಾರಿಕೊಂಡೆ. ಆದರೆ ಆ ಮಾತು ಮನೆತನಕ ಬಂತು, ರಾತ್ರಿ ಊಟಕ್ಕೂ ಬಂತು. ಮಾರ್ಚಿಯಲ್ಲಿ ನೀರಿಲ್ಲದ ಜಾಗದಲ್ಲಿ ಒಂದು ನುಗ್ಗೆ ಕಡ್ಡಿಯನ್ನೂ ಊರುವವನಲ್ಲ ನಾನು. ಊರಿನ ದುಡ್ಡು ಅಂದ ಕೂಡಲೇ ನನ್ನ ಒಕ್ಕಲುತನದ ಬುದ್ಧಿ ಎಲ್ಲಿ ಹೋಗಿತ್ತು?

ಇಲ್ಲಿ ನಮ್ಮ ಸೀಮೆಯ ಮಳೆಯ ವಿಷಯ ಸ್ವಲ್ಪ ಹೇಳಬೇಕು, ಮಲೆನಾಡು-ಕರಾವಳಿಯ ಓದುಗರಿಗೆ ಇದು ಬೇರೆಯೇ ಲೆಕ್ಕ. ಗುಂಡ್ಲುಪೇಟೆ, ಚಾಮರಾಜನಗರದ ಬಯಲಿಗೆ ಮಳೆ ಎರಡು ಸಲ. ಏಪ್ರಿಲ್-ಮೇಯಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ ಬಂದು ಬಿತ್ತನೆ ಮಾಡಿಸುತ್ತವೆ. ಜೂನ್-ಜುಲೈ ಅಂದರೆ ನಮಗೆ ಬರೀ ಗಾಳಿ, ಆಗೊಂದು ಈಗೊಂದು ಸೋನೆ. ಮತ್ತೆ ನಿಜವಾದ ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಉತ್ತರೆಯಿಂದ ಚಿತ್ತೆವರೆಗೆ. ಹಾಗಾಗಿ ಮಾರ್ಚಿಯಲ್ಲಿ ನೆಡುವುದು ತಪ್ಪಾದರೆ, ಪರಿಸರ ದಿನ ಅಂತ ಜೂನ್ 5ರಂದು ನೆಡುವುದೂ ನಮ್ಮಲ್ಲಿ ಪೂರ್ತಿ ಸರಿಯಲ್ಲ. ಎಳೆ ಗಿಡ ಆಷಾಢದ ಗಾಳಿಗೆ ಬುಡ ಅಲ್ಲಾಡಿ ಒಣಗುತ್ತದೆ. ಉತ್ತರೆ ಮಳೆಗೆ ನೆಟ್ಟರೆ ಬೇಸಿಗೆ ಬರುವುದರೊಳಗೆ ಬೇರು ಒಂದಷ್ಟು ಆಳಕ್ಕೆ ಇಳಿದಿರುತ್ತದೆ, ನೋಡಿಕೊಳ್ಳಲು ಮಕ್ಕಳೂ ಶಾಲೆಯಲ್ಲಿರುತ್ತಾರೆ. ಇದು ಹೊಲಕ್ಕೆ ಹೋಗುವ ಯಾವ ಹುಡುಗನಿಗೂ ಗೊತ್ತು. ಫೈಲಿಗೆ ಗೊತ್ತಿಲ್ಲ, ಅದರ ವರ್ಷ ಮುಗಿಯುವುದು ಮಾರ್ಚಿಗೆ.

ಚಾಮರಾಜನಗರದ ಆ ರಸ್ತೆ

ನಿಜ ಹೇಳಬೇಕೆಂದರೆ ಈ ಪಾಠ ನನಗೆ ಹೊಸದಲ್ಲ. 1990ರಲ್ಲಿ ನಾನು ಚಾಮರಾಜನಗರದಲ್ಲಿ ಕಾಲೇಜು ಓದುತ್ತಿದ್ದೆ. ಆಗಿನ್ನೂ ಅದು ಮೈಸೂರು ಜಿಲ್ಲೆ. ನಮ್ಮ ಜಿಲ್ಲೆ ಬೇರೆಯಾದದ್ದು 1997ರ ಆಗಸ್ಟ್ 15ಕ್ಕೆ. ನಾನು ಎನ್‌ಎಸ್‌ಎಸ್‌ಗೆ ಸೇರಿದ್ದೆ. ಅದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ, ದೇಶದ 37 ವಿಶ್ವವಿದ್ಯಾಲಯಗಳಲ್ಲಿ 40 ಸಾವಿರ ವಿದ್ಯಾರ್ಥಿಗಳಿಂದ ಶುರುವಾದದ್ದು. ಡಿಸೆಂಬರಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಕಡೆಯ ಒಂದು ಊರಿನಲ್ಲಿ ಶಿಬಿರ. ಎರಡು ಫರ್ಲಾಂಗು ಮಣ್ಣು ರಸ್ತೆ ಮಾಡಿದೆವು. ಕೈಯೆಲ್ಲ ಬೊಬ್ಬೆ. ರಾತ್ರಿ ನಾಟಕ, ಹಾಡು. ನಾವು ಮಣ್ಣು ಹೊರುವಾಗ ಜಗಲಿ ಮೇಲೆ ಕೂತಿದ್ದ ಅಜ್ಜನೊಬ್ಬ ದಿನಾ ಒಂದೇ ಮಾತು ಹೇಳುತ್ತಿದ್ದ: “ಅಲ್ಲಿ ನೀರು ಹರೀತದ ಕಣ್ರಪ್ಪ.” ನಾವು ನಗುತ್ತಿದ್ದೆವು, ಡಿಸೆಂಬರಿನಲ್ಲಿ ಎಲ್ಲಿಯ ನೀರು! ಮಾರನೇ ವರ್ಷ ಯಾವುದೋ ಮದುವೆಗೆ ಆ ಕಡೆ ಹೋದಾಗ ನೋಡಿದರೆ ಹಸ್ತ ಮಳೆಗೆ ರಸ್ತೆ ಮಧ್ಯಕ್ಕೇ ಕೊಚ್ಚಿ ಹೋಗಿತ್ತು. ಒಂದು ಮೋರಿ ಇಟ್ಟಿದ್ದರೆ ಉಳಿಯುತ್ತಿತ್ತು.

ಶಿಬಿರದಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬಾಣಲೆ ಹೊತ್ತು ಗೊತ್ತಿಲ್ಲದ ಪೇಟೆ ಹುಡುಗರು ಹೊತ್ತದ್ದೇ ಒಂದು ವಿದ್ಯೆ. ದುಡ್ಡಾದರೂ ಎಷ್ಟು? ವಿಶೇಷ ಶಿಬಿರಕ್ಕೆ ತಲೆಗೆ 450 ರೂಪಾಯಿ ಎಂಬ ಲೆಕ್ಕ ಬಹಳ ವರ್ಷ ನಡೆಯಿತು. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 64 ರೂಪಾಯಿ, ಊಟವೂ ಅದರಲ್ಲೇ. ಊರಿನವರು ರಾಗಿ, ಅವರೆಕಾಳು, ತೆಂಗಿನಕಾಯಿ ಕೊಡದಿದ್ದರೆ ಯಾವ ಶಿಬಿರವೂ ನಡೆಯದು. ಹಾಗೆ ಕೊಟ್ಟ ಊರಿನ ಅಜ್ಜನ ಮಾತನ್ನು ನಾವು ಕೇಳಲಿಲ್ಲ ಎಂಬುದಷ್ಟೇ ನನ್ನ ಕೊರಗು. 29 ವರ್ಷದ ಮೇಲೆ ಜಗಲಿಯ ಮೇಲೆ ಕೂತು ನೋಡುವ ಸರದಿ ನನ್ನದಾಗಿತ್ತು, ನಾನು ಆ ಅಜ್ಜನಷ್ಟೂ ಬಾಯಿ ಬಿಡಲಿಲ್ಲ.

ತೊಟ್ಟಿಗೆ ದೋಣಿ

ಮಧ್ಯೆ ಕೊರೋನಾ ಬಂದು ಶಾಲೆ ಮುಚ್ಚಿತು. ನನ್ನ ಅವಧಿ ಮುಗಿಯಿತು, ಮಗಳು ಗುಂಡ್ಲುಪೇಟೆಗೆ ಪಿಯುಸಿಗೆ ಹೋದಳು. 2021ರ ಕೊನೆಗೆ ವಿಜ್ಞಾನಕ್ಕೆ ಹೊಸ ಮೇಡಂ ಬಂದರು. ಅವರ ಪದ್ಧತಿ ಬೇರೆ. ದುಡ್ಡು ಬರುವ ಮೊದಲೇ, ಡಿಸೆಂಬರಿನಲ್ಲೇ, ಕ್ಲಬ್ಬಿನ 24 ಮಕ್ಕಳನ್ನು ಕೂರಿಸಿ “ಐದು ಸಾವಿರ ಬಂದರೆ ಏನು ಮಾಡ್ತೀರಿ? ಬರದಿದ್ದರೆ ಏನು ಮಾಡ್ತೀರಿ?” ಅಂತ ಎರಡು ಪಟ್ಟಿ ಬರೆಸಿದರು. ಎರಡನೇ ಪಟ್ಟಿಯೇ ಉದ್ದವಾಯಿತಂತೆ.

ಮಕ್ಕಳು ಮೊದಲು ಕೇಳಿದ್ದು 2019ರ ಗಿಡಗಳು ಯಾಕೆ ಸತ್ತವು ಅಂತ. ನೀರಿಲ್ಲದೆ. ನೀರು ಯಾಕಿಲ್ಲ? ಪಂಚಾಯ್ತಿ ನಲ್ಲಿ ದಿನ ಬಿಟ್ಟು ದಿನ, ಅದು ಬಿಸಿಯೂಟದ ತಟ್ಟೆ ತೊಳೆಯುವುದಕ್ಕೇ ಸರಿ. ಹಾಗಾದರೆ ಮೂಲೆಯಲ್ಲಿರುವ ತೊಟ್ಟಿ ಯಾಕಿದೆ? ನಮ್ಮ ರಾಜ್ಯದಲ್ಲಿ 2006ರ ಸುವರ್ಣ ಕರ್ನಾಟಕದ ಹೊತ್ತಿಗೆ ‘ಸುವರ್ಣ ಜಲ’ ಅಂತ 23 ಸಾವಿರಕ್ಕೂ ಮಿಕ್ಕಿದ ಹಳ್ಳಿ ಶಾಲೆಗಳ ಚಾವಣಿ ನೀರು ಹಿಡಿಯುವ ಯೋಜನೆ ಬಂದಿತ್ತು, ನೆನಪಿರಬಹುದು. ನಮ್ಮ ಶಾಲೆಯ ತೊಟ್ಟಿಯೂ ಸುಮಾರು ಆ ಕಾಲದ್ದೇ, 5,000 ಲೀಟರು ಹಿಡಿಯುತ್ತದೆ. ಯಾರ ದುಡ್ಡಿನದೆಂದು ಈಗ ಹೇಳುವವರಿಲ್ಲ. ಕೋತಿಗಳು ಪೈಪು ಮುರಿದವು, ಮತ್ತೆ ಹಾಕಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಮುರಿದ ಬೆಂಚುಗಳನ್ನು ಅದರೊಳಗೆ ತುಂಬಿದ್ದರು. ಗೋಡೆ ಮಾತ್ರ ಚೆನ್ನಾಗಿತ್ತು.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಇಷ್ಟು ಸಣ್ಣ ಲೆಕ್ಕ ನನಗೆ ಐವತ್ತು ದಾಟುವ ತನಕ ಗೊತ್ತಿರಲಿಲ್ಲ. ಮಕ್ಕಳು ಟೇಪು ಹಿಡಿದು ಅಳೆದರು. ಹೆಂಚಿನ ಚಾವಣಿಯ ಒಂದು ಮಗ್ಗುಲು 20 ಮೀಟರು ಉದ್ದ, 4 ಮೀಟರು ಅಗಲ, 80 ಚದರ ಮೀಟರು. ಅಂದರೆ 10 ಮಿಲಿಮೀಟರಿನ ಒಂದು ಮಳೆಗೆ 800 ಲೀಟರು. ಹೆಂಚು ಹೀರಿದ್ದು, ಸಿಡಿದದ್ದು ಕಳೆದರೆ 640 ಅಂತ ಇಟ್ಟುಕೊಂಡರು. ಅಂಥ ಎಂಟು ಮಳೆಗೆ ತೊಟ್ಟಿ ತುಂಬಬೇಕು.

ದುಡ್ಡು ಬಂದದ್ದು ಮತ್ತೆ ಮಾರ್ಚಿಯಲ್ಲೇ, 2022ರಲ್ಲಿ. ಆದರೆ ಪೈಪಿಗೆ ಮಾರ್ಚಿಯಾದರೇನು, ಜೂನಾದರೇನು? ಅದು ಒಣಗುವುದಿಲ್ಲವಲ್ಲ. ಆರಿಂಚಿನ ಪಿವಿಸಿ ಪೈಪು ಎರಡು ಉದ್ದ ತಂದು ಉದ್ದಕ್ಕೆ ಸೀಳಿ ದೋಣಿ ಮಾಡಿದರು, 2,700 ರೂಪಾಯಿ. ಅದನ್ನು ಹಿಡಿಯುವ ಕಬ್ಬಿಣದ ಕೊಕ್ಕೆ ಇಪ್ಪತ್ತಕ್ಕೆ 700. ಇಳಿಸುವ ನಾಲ್ಕಿಂಚಿನ ಪೈಪು 650. ಮೊಣಕೈ, ಮುಚ್ಚಳ, ಅಂಟು 380. ಜಾಲರಿ 120. ಸಿಮೆಂಟು ಒಂದು ಮೂಟೆ 400. ಮರಳು, ಜಲ್ಲಿ ಊರಿನವರದು. ಕೂಡಿಸುವ ಕೆಲಸ ಒಬ್ಬ ಹುಡುಗನ ಅಪ್ಪನದು, ಅವರು ಗಾರೆ ಕೆಲಸದವರು, ಎರಡು ಭಾನುವಾರ ಬಂದು ಮಾಡಿಕೊಟ್ಟರು. ಊಟ ಮಕ್ಕಳು ಮನೆಯಿಂದ ತಂದದ್ದು. ಒಟ್ಟು 4,950. ಉಳಿದ 50ಕ್ಕೆ ಲೆಕ್ಕದ ಪುಸ್ತಕ ಮತ್ತು ಪೆನ್ನು.

ಶೋಧಕದಲ್ಲಿ ನನ್ನದೊಂದು ತಪ್ಪು ಆಯಿತು. ಯಾವುದೋ ಕೃಷಿ ಮೇಳದಲ್ಲಿ ನೋಡಿದ್ದು ತಲೆಯಲ್ಲಿತ್ತು. ಡ್ರಮ್ಮಿನಲ್ಲಿ ಜಲ್ಲಿ, ಇದ್ದಿಲು, ಮರಳು ಮೂರೂ ಪದರ ಹಾಕಲೇಬೇಕು ಅಂತ ಹಟ ಮಾಡಿ ನಾನೇ ಹಾಕಿಸಿದೆ. ಮರಳು ಸಣ್ಣದಾಯಿತು. ಮೇ ತಿಂಗಳ ಮೊದಲ ಜೋರು ಮಳೆಗೆ ನೀರು ಒಳಗೆ ಇಳಿಯದೆ ಡ್ರಮ್ಮಿನ ಮೇಲಿಂದ ಹೊರಚೆಲ್ಲಿತು, ಮುಕ್ಕಾಲು ಪಾಲು ಅಂಗಳದ ಪಾಲು. ಹುಡುಗರು ನನ್ನ ಎದುರು ಏನೂ ಅನ್ನಲಿಲ್ಲ. ಮಾರನೇ ದಿನ ಹೋದರೆ ಮರಳು ತೆಗೆದು ದಪ್ಪ ಜಲ್ಲಿ, ಮೇಲೆ ಜಾಲರಿ ಅಷ್ಟೇ ಬಿಟ್ಟಿದ್ದರು. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡಲು ಇಳಿಪೈಪಿನ ಬುಡದಲ್ಲಿ ಒಂದು ಮುಚ್ಚಳ. ಮಳೆ ಶುರುವಾದ ಕೂಡಲೇ ಅದನ್ನು ತೆಗೆಯುವುದು, ಹತ್ತು ನಿಮಿಷದ ಮೇಲೆ ಹಾಕುವುದು, ಅದಕ್ಕೆ ಪಾಳಿ. ರಜೆಯಲ್ಲಿ ಶಾಲೆಗೆ ಹತ್ತಿರದ ಮೂರು ಮನೆಯವರು ವಹಿಸಿಕೊಂಡರು. ಈ ನೀರನ್ನು ಕುಡಿಯುವುದಿಲ್ಲ. ಹೆಂಚಿನ ಮೇಲೆ ಕೋತಿ, ಪಾರಿವಾಳ ಎಲ್ಲ ಇವೆ. ತಟ್ಟೆ ತೊಳೆಯಲು, ಕಕ್ಕಸಿಗೆ, ಗಿಡಕ್ಕೆ. 2022 ಒಳ್ಳೆ ಮಳೆಯ ವರ್ಷ, ಜೂನಿನಲ್ಲಿ ಶಾಲೆ ನಡೆಯುವಾಗ ತೊಟ್ಟಿ ತುಂಬಿತ್ತು.

380 ರೂಪಾಯಿಯ ಚೀಟಿ

ಇದೆಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಮೊಣಕೈ-ಅಂಟಿನ 380 ರೂಪಾಯಿ ಬಿಲ್ಲು ಕಳೆದುಹೋಯಿತು. ಪೇಟೆಗೆ ಹೋಗಿ ಸಾಮಾನು ತಂದ ಹತ್ತನೇ ಕ್ಲಾಸಿನ ಹುಡುಗನ ಜೇಬಿನಲ್ಲಿತ್ತಂತೆ, ಅಂಗಿ ಒಗೆಯಲು ಹಾಕಿದ್ದಾರೆ. ಊರಿನಲ್ಲಿ ಮಾತು ಹೊರಟಿತು. “ಹೈಕಳ ಕೈಗ ದುಡ್ಡು ಕೊಟ್ರ ಇನ್ನೇನಾಗದು” ಅಂತ ಟೀ ಅಂಗಡಿಯಲ್ಲಿ ಒಬ್ಬರು. ಆ ಹುಡುಗನ ಮನೆ ಬಡತನದ್ದು. ಹಾಗಾಗಿ ಮಾತು ಇನ್ನೂ ಬೇಗ ಹರಿಯಿತು. ನಾನೂ, ಒಪ್ಪಿಕೊಳ್ಳುತ್ತೇನೆ, “ಇನ್ನು ಮೇಲೆ ದೊಡ್ಡವರೇ ತರೋದು ಒಳ್ಳೇದು ಮೇಡಂ” ಅಂದುಬಿಟ್ಟೆ. ಅವರು ತಿರುಗಿ ಕೇಳಿದ್ದು ಇಷ್ಟೇ: “2019ರಲ್ಲಿ ಐದು ಸಾವಿರಕ್ಕೂ ಬಿಲ್ ಇತ್ತಲ್ವಾ ಯಜಮಾನ್ರೇ?”

ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಕ್ಲಬ್ಬಿನ ನಾಲ್ಕು ಮಂದಿ ಅವನನ್ನು ಮನೆಯಿಂದ ಹೊರಡಿಸಿಕೊಂಡು, ಸ್ವಂತ ಕಾಸಿನಲ್ಲಿ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ, ಅಂಗಡಿಯವನ ಪುಸ್ತಕದಲ್ಲಿ ಕಾರ್ಬನ್ ಪ್ರತಿ ಹುಡುಕಿಸಿ, ನಕಲು ಬರೆಸಿಕೊಂಡು ಬಂದರು. ಸರಿಯಾಗಿ 380. ಆ ಸಂಜೆಯೇ ತೊಟ್ಟಿಯ ಗೋಡೆ ಮೇಲೆ ಬಂದ ದುಡ್ಡು, ಖರ್ಚು, ಉಳಿಕೆ ಎಲ್ಲವನ್ನೂ ಸುಣ್ಣದಲ್ಲಿ ಬರೆದರು. ರಸ್ತೆಗೆ ಕಾಣುವ ಮಗ್ಗುಲಿಗೇ. ಓದಲು ಬಾರದವರು ಓದಿಸಿಕೊಂಡರು. ಸಂತೆಗೆ ಹೋಗುವ ಹೆಂಗಸೊಬ್ಬರು, “ಹಿಂಗ ಬರ್‍ಯೋದಾದ್ರ ಎಲ್ಲಾ ಲೆಕ್ಕವ ಗ್ವಾಡ ಮ್ಯಾಲ ಬರೀಬೋದಲ್ಲ” ಅಂದರಂತೆ. ಅದಕ್ಕೆ ಯಾರೂ ಉತ್ತರ ಹೇಳಲಿಲ್ಲವಂತೆ.

ಟಾಂಜಾನಿಯಾ ದೇಶದಲ್ಲಿ ಚಿಂಪಾಂಜಿಗಳ ಅಧ್ಯಯನ ಮಾಡಿದ, 2025ರ ಅಕ್ಟೋಬರಿನಲ್ಲಿ ತೀರಿಕೊಂಡ ಜೇನ್ ಗುಡಾಲ್ ಅವರ ಬಗ್ಗೆ ಓದುತ್ತಿದ್ದೆ. 1991ರಲ್ಲಿ ದಾರ್ ಎಸ್ ಸಲಾಮ್ ಊರಿನ 12 ವಿದ್ಯಾರ್ಥಿಗಳು ಅವರ ಮನೆಯ ಜಗಲಿಯಲ್ಲಿ ಕೂತು ತಮ್ಮ ಸುತ್ತಲಿನ ತೊಂದರೆಗಳ ಮಾತಾಡಿದ್ದರಿಂದಲೇ ಅವರ ‘ರೂಟ್ಸ್ ಅಂಡ್ ಶೂಟ್ಸ್’ ಎಂಬ ಮಕ್ಕಳ ಚಳವಳಿ ಹುಟ್ಟಿತಂತೆ. ಬೇರು ಮತ್ತು ಚಿಗುರು ಅಂತ ಅರ್ಥ. ಆಮೇಲೆ ಅದು ಹತ್ತಾರು ದೇಶಗಳಿಗೆ ಹಬ್ಬಿತು. ಅಲ್ಲೂ ಕ್ರಮ ಒಂದೇ, ಏನು ಮಾಡಬೇಕೆಂದು ಮಕ್ಕಳೇ ಗೊತ್ತು ಮಾಡುವುದು. ಓದಿದಾಗ ನನಗೆ ನಮ್ಮ ಮೇಡಂ ಬರೆಸಿದ ಎರಡು ಪಟ್ಟಿ ನೆನಪಾಯಿತು.

ಮನೆಗೆ ಮೂರು ಪ್ಯಾಕೆಟ್ಟು

ಗಿಡದ ಕತೆ ಬಾಕಿ ಇದೆ. ಗಿಡಕ್ಕೆ ಮಕ್ಕಳು ಒಂದು ಕಾಸೂ ಇಡಲಿಲ್ಲ. 2022ರ ಮಾರ್ಚ್ ಕೊನೆಗೆ ಮನೆಮನೆಯಲ್ಲಿ ಹುಣಸೆಹಣ್ಣು ಬಡಿದು ಬೀಜ ಎಸೆಯುತ್ತಿದ್ದರು. ಹೊಲದ ಬದುವಿನಲ್ಲಿ ಹೊಂಗೆಕಾಯಿ ಬಿದ್ದಿದ್ದವು. ಹಾಲಿನ ಪ್ಯಾಕೆಟ್ಟಿಗೆ ಮಣ್ಣು-ಗೊಬ್ಬರ ತುಂಬಿ ಒಬ್ಬೊಬ್ಬರು ಮೂರು ಮೂರು ಮನೆಗೆ ಒಯ್ದರು, 72 ಪ್ಯಾಕೆಟ್ಟು. ಬೇಸಿಗೆ ರಜೆಯಲ್ಲಿ ಶಾಲೆಯ ಗಿಡಕ್ಕೆ ನೀರು ಹಾಕುವವರಿಲ್ಲ, ಮನೆಯ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಇಟ್ಟ ಪ್ಯಾಕೆಟ್ಟಿಗೆ ಅಮ್ಮಂದಿರೇ ಹಾಕುತ್ತಾರೆ! ಬೇವು ಹಾಕಬೇಕೆಂಬ ಆಸೆ ಇತ್ತು. ಆದರೆ ಬೇವಿನ ಬೀಜ ಉದುರುವುದು ಜೂನ್-ಜುಲೈಯಲ್ಲಿ, ಉದುರಿದ ಎರಡು ಮೂರು ವಾರದೊಳಗೆ ಹಾಕದಿದ್ದರೆ ಮೊಳೆಯುವುದು ಕಷ್ಟ. ಅದನ್ನು ಮರುವರ್ಷಕ್ಕೆ ಬಿಟ್ಟರು. ಸೆಪ್ಟೆಂಬರಿನಲ್ಲಿ ಲೆಕ್ಕ ಹಾಕಿದರೆ 51 ಸಸಿ ಉಳಿದಿದ್ದವು. ಉತ್ತರೆ ಮಳೆ ಬಿದ್ದ ಮಾರನೇ ದಿನ ಶಾಲೆಯ ಬೇಲಿಯಂಚಿಗೆ 40 ನೆಟ್ಟು, ಮಿಕ್ಕ 11 ಬೇಕೆಂದವರ ಮನೆಗೆ ಹೋದವು. ಫೋಟೋ ತೆಗೆಯುವುದು ಮರೆತೇ ಹೋಯಿತು.

ಮೊದಲ ಬೇಸಿಗೆ ತೊಟ್ಟಿ ನೀರಿನಲ್ಲಿ ಕಳೆಯಿತು. ನಿಜವಾದ ಪರೀಕ್ಷೆ ಬಂದದ್ದು 2023ರಲ್ಲಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರ ಅಂತ ಘೋಷಿಸಿದ ವರ್ಷ ಅದು. ನಮ್ಮ ಹಿಂಗಾರಿನ ಹುರುಳಿ ದನದ ಮೇವಿಗೂ ಆಗಲಿಲ್ಲ. ತೊಟ್ಟಿ ಒಮ್ಮೆ ಅರ್ಧ ತುಂಬಿದ್ದೇ ದೊಡ್ಡದು, 2024ರ ಫೆಬ್ರವರಿಗೆ ತಳ ಕಂಡಿತು. ನನ್ನ ಬೋರ್‌ವೆಲ್ಲೂ ಬಿಟ್ಟು ಬಿಟ್ಟು ಬರುತ್ತಿತ್ತು. ಅರಿಸಿನಕ್ಕೆ ಬಿಡಲೋ, ಶಾಲೆಗೊಂದು ಡ್ರಮ್ಮು ಕೊಡಲೋ ಎಂದು ಹೊಯ್ದಾಡಿ ಎರಡು ವಾರ ಕೊಟ್ಟೆ, ಮೂರನೇ ವಾರ ಕೊಡಲಾಗಲಿಲ್ಲ. ಮಕ್ಕಳು ಬುಧವಾರ ಮತ್ತು ಶನಿವಾರ ಮನೆಯಿಂದ ಒಂದೊಂದು ಬಾಟಲಿ ನೀರು ತರುವುದೆಂದು ಮಾಡಿಕೊಂಡರು, ತರಕಾರಿ ತೊಳೆದ ನೀರಾದರೂ ಸರಿ. ಬುಡಕ್ಕೆ ತೆಂಗಿನ ಸಿಪ್ಪೆ, ಒಣಹುಲ್ಲು ಮುಚ್ಚಿದರು. ಆ ವರ್ಷದ ಮಕ್ಕಳಲ್ಲಿ ಗಿಡ ನೆಟ್ಟವರು ಅರ್ಧಕ್ಕಿಂತ ಕಡಿಮೆ, ಮಿಕ್ಕವರು ಪಾಸಾಗಿ ಹೋಗಿದ್ದರು. ಅವರ ಕೆಳಗಿನವರು ಮುಂದುವರಿಸಿದ್ದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

2024ರ ಜೂನಿನಲ್ಲಿ ಎಣಿಸಿದಾಗ ನಲವತ್ತರಲ್ಲಿ 27 ಇದ್ದವು. ಹುಣಸೆ 16, ಹೊಂಗೆ 11. ಐದನ್ನು ಆಡು ತಿಂದಿತ್ತು, ಒಂದನ್ನು ಕ್ರಿಕೆಟ್ ಚೆಂಡು ಮುರಿದಿತ್ತು, ಏಳು ಒಣಗಿದ್ದವು. ಗೋಡೆ ಮೇಲೆ ಅದನ್ನೂ ಬರೆದಿದ್ದಾರೆ, ಆಡು ಯಾರದೆಂದು ಮಾತ್ರ ಬರೆದಿಲ್ಲ. ಆಡು ನಮ್ಮದೇ ಅಂತ ಹೆಂಡತಿಗೆ ಅನುಮಾನ.

ಅಂದು ಕಡ್ಡಿ ಹಿಡಿದುಕೊಂಡು ಬಂದು ಕೇಳಿದ ಹುಡುಗಿ ಈಗ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹಬ್ಬಕ್ಕೆ ಬಂದಾಗ ಕರೆದುಕೊಂಡು ಹೋಗಿ ತೋರಿಸಿದೆ. ಒಂದು ಹುಣಸೆ ಗಿಡದ ಪಕ್ಕ ನಿಂತು ಎತ್ತರ ನೋಡಿಕೊಂಡಳು, ಅವಳ ಭುಜದ ಮಟ್ಟಕ್ಕಿತ್ತು. “ಬೋರ್ಡು ಇನ್ನೂ ಅದಲ್ಲ ದೊಡ್ಡಪ್ಪ” ಅಂದಳು.

ಈಗಿನ ಮಕ್ಕಳು ತೊಟ್ಟಿ ತುಂಬಿ ಹೊರಹೋಗುವ ನೀರಿಗೆ ದನಕರು ಕುಡಿಯುವ ಒಂದು ಗಡಿಗೆ ತೊಟ್ಟಿ ಕಟ್ಟಬೇಕೆಂದು ಪಟ್ಟಿ ಬರೆದಿಟ್ಟಿದ್ದಾರೆ. ಅದು ಬೇಲಿಯ ಒಳಗಿರಬೇಕೋ ಹೊರಗಿರಬೇಕೋ ಎಂಬ ಜಗಳ ನಡೆದಿದೆ. ಒಳಗಿದ್ದರೆ ದನ ಗಿಡಕ್ಕೆ ಬಾಯಿ ಹಾಕುತ್ತವೆ, ಹೊರಗಿದ್ದರೆ ನೀರು ಬಿಟ್ಟುಕೊಂಡು ಟ್ರ್ಯಾಕ್ಟರ್ ತೊಳೆಯುತ್ತಾರೆ. ದುಡ್ಡು ಇನ್ನೂ ಬಂದಿಲ್ಲ. ಬರುವ ಶನಿವಾರ ಸಭೆ ಇದೆ, ಆಡು ಸಾಕಿದವರೂ ಬರಬೇಕೆಂದು ಹೇಳಿಕಳಿಸಿದ್ದಾರೆ.